ಮೀಟರ್ ಬೆಚ್ಚಗಾಗುವ ತನಕ

ಹೋದ ವರ್ಷ ಜನವರಿಯ ಮಾತು. ನೀಲಗಿರಿಯ ಸೋಲೂರಿನ ನಮ್ಮ ಹೊಲದಲ್ಲಿ ಬೆಳಗಾದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ. ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಮಗಳ ಒತ್ತಾಯಕ್ಕೆ ಮೊಬೈಲಿಗೆ ಒಂದು ಆಪ್ ಹಾಕಿಸಿಕೊಂಡೆ. ಆಪ್ ಜೊತೆಗೆ ಫೋನಿನಲ್ಲೇ ಸಲಹೆ ಹೇಳುವ ಒಬ್ಬ ಕೋಚ್ ಕೂಡ ಬಂದಳು, ಆರತಿ ಅಂತ, ಬೆಂಗಳೂರಿನ ಹುಡುಗಿ.

ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿಕೊಂಡು, ಮೀಟರ್ ತೋರಿಸಿದ ಅಂಕಿಯನ್ನು ಆಪ್‌ನಲ್ಲಿ ಹಾಕಬೇಕು. ಹಾಕಿದರೆ ಹಸಿರು ಗುರುತು. ಒಂದು ದಿನ ತಪ್ಪಿದರೆ ಎಲ್ಲ ಅಳಿಸಿ ಮತ್ತೆ ಒಂದರಿಂದ ಶುರು. ಇತಿಹಾಸದಲ್ಲಿ ಎಂ.ಎ. ಮಾಡಿದ ಐವತ್ತಮೂರು ವರ್ಷದ ಮನುಷ್ಯ ಹಸಿರು ಗುರುತಿಗಾಗಿ ಒದ್ದಾಡುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ನಾನು ಒದ್ದಾಡಿದೆ.

ತೊಂದರೆ ಏನೆಂದರೆ, ಆ ಮೀಟರ್ ಚಳಿಗೆ ಕೆಲಸ ಮಾಡುವುದಿಲ್ಲ. ಥರ್ಮಾಮೀಟರಿನ ಚಿತ್ರ ತೋರಿಸಿ ಸುಮ್ಮನಾಗುತ್ತದೆ. ಆರತಿಗೆ ಫೋನ್ ಮಾಡಿದೆ.

"ರೂಮ್ ಟೆಂಪರೇಚರ್‌ನಲ್ಲಿ ಇಡಿ ಸರ್."

"ನಮ್ಮ ರೂಮ್ ಟೆಂಪರೇಚರ್ ಇದೇ ಕಣಮ್ಮ. ಇಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿ ಕೂತಿದೆ."

"ಎಸಿ ಆಫ್ ಮಾಡಿ ನೋಡಿ ಸರ್."

ನಾನು ಫೋನ್ ಇಟ್ಟೆ.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಹೆಂಡತಿ ಗೂಡಲೂರಿಗೆ, ತಂಗಿಯ ಮನೆಗೆ ಹೋಗಿದ್ದಳು. ಆರೂವರೆಗೆ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಮೀಟರ್ ತೆಗೆದರೆ ಅದೇ ಚಿತ್ರ. ಕಂಕುಳಲ್ಲಿ ಇಟ್ಟುಕೊಂಡೆ. ಒಲೆಯ ಪಕ್ಕ ಇಟ್ಟೆ. ರಾಗಿರೊಟ್ಟಿ ಪಾತ್ರೆಯಲ್ಲಿ ಮುಚ್ಚಿಟ್ಟಿತ್ತು, ಆದರೆ ಅಂಕಿ ಬರುವ ತನಕ ತಿನ್ನುವ ಹಾಗಿಲ್ಲವಲ್ಲ! ಅಷ್ಟರಲ್ಲಿ ಕ್ಯಾರೆಟ್ ಮೂಟೆಗಳನ್ನಾದರೂ ಜೀಪಿಗೆ ಹಾಕೋಣ ಎಂದು ಹೊರಗೆ ಹೋದೆ. ಊಟಿಯ ತರಕಾರಿ ಮಂಡಿಗೆ ನಾನೇ ಓಡಿಸಿಕೊಂಡು ಹೋಗಬೇಕಿತ್ತು. ನಮ್ಮ ಹೊಲದಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಲಕ್ಷ್ಮಿ ಅಕ್ಕನೂ ಜೊತೆಗೆ ಬರುವವಳು.

ಇಲ್ಲಿಂದ ಮುಂದಕ್ಕೆ ಎಚ್ಚರಿಕೆಯಿಂದ ಬರೆಯಬೇಕು. ನನ್ನ ನೆನಪಿನಲ್ಲಿರುವುದು ಇಷ್ಟು: ನಾನು ಶಾಂತವಾಗಿದ್ದೆ, ಜೀಪಿನ ಬಾಗಿಲು ತೆಗೆದೆ, ಲಕ್ಷ್ಮಿ ಅಕ್ಕ ಕೀ ಕೇಳಿದಳು, ಕೊಟ್ಟೆ. ಅವಳು ಹೇಳುವುದು ಬೇರೆ. ಕೀ ಕೈಯಲ್ಲೇ ಹಿಡಿದುಕೊಂಡು, ಕೀ ಎಲ್ಲಿ ಎಂದು ಜೀಪಿಗೆ ಮೂರು ಸುತ್ತು ಹಾಕಿದೆನಂತೆ.

"ಅಯ್ಯೋ, ಈ ಪನಿ ಚಳೀಲಿ ಏನಣ್ಣಾ ಇಷ್ಟು ಬೆವರು? ಊರೆಲ್ಲ ಮಂಕಿ ಟೋಪಿ ಹಾಕಂಡು ನಡುಗ್ತಾ ಅದೆ!"

"ಸುಮ್ನೆ ಹತ್ತು. ಲೇಟಾಯ್ತು."

"ಹತ್ತಲ್ಲ. ಕೀ ಕೊಡಿ ಇಲ್ಲಿ. ನಮ್ಮ ಮನೆಯವರೂ ಸುಗರ್ ಇಳಿದಾಗ ಹಿಂಗೇ ಆಗೋರು."

ಆಗ ನಾನು ಅಂದ ಮಾತನ್ನು ಅವಳು ಇವತ್ತಿಗೂ ಪೂರ್ತಿ ಹೇಳಿಲ್ಲ. "ಬಿಡಿ, ಓದಿದೋರ ಬಾಯಲ್ಲೂ ಅದೆಲ್ಲ ಬತ್ತದೆ ಅಂತ ಗೊತ್ತಾಯ್ತು" ಎಂದು ನಗುತ್ತಾಳೆ. ಕೀ ಕಿತ್ತುಕೊಂಡು ತನ್ನ ಸ್ವೆಟರಿನೊಳಗೆ ಹಾಕಿಕೊಂಡಳಂತೆ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ಫ್ಲಾಸ್ಕಿನ ಟೀಗೆ ಸಕ್ಕರೆ ಸುರಿದು ಬಾಯಿಗೆ ಹಿಡಿದಳಂತೆ. "ನಂಗೆ ಸಕ್ಕರೆ ಆಗಲ್ಲ, ಆಪ್ ಬಯ್ಯುತ್ತೆ" ಎಂದು ನಾನು ಮುಖ ತಿರುಗಿಸಿದೆನಂತೆ. "ಆಪ್‌ಗೆ ನಾನು ಹೇಳ್ಕತೀನಿ, ಕುಡಿಯಣ್ಣಾ" ಎಂದು ಕುಡಿಸಿಯೇ ಬಿಟ್ಟಳು. ಆ ಅತಿ ಸಿಹಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಸ್ವಲ್ಪ ಹೊತ್ತಿಗೆ ತಲೆ ತಿಳಿಯಾಯಿತು. ಒಲೆಯ ಪಕ್ಕದಲ್ಲಿದ್ದ ಮೀಟರ್ ಅಷ್ಟರಲ್ಲಿ ಬೆಚ್ಚಗಾಗಿ ಕೆಲಸಕ್ಕೆ ಸಿದ್ಧವಾಗಿತ್ತು. ಚುಚ್ಚಿದೆ. ಅಷ್ಟು ಸಕ್ಕರೆ ಕುಡಿದ ಮೇಲೂ ಐವತ್ತೆಂಟು! ಎಪ್ಪತ್ತಕ್ಕಿಂತ ಇಳಿದರೇ ಅಪಾಯ. ರೊಟ್ಟಿ ತಿಂದು ಆರತಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ರೀಡಿಂಗ್ ಇಲ್ಲದೆ ತಿನ್ನಬೇಡಿ ಎಂದು ನನ್ನನ್ನು ಕೊಲ್ಲುತ್ತಿದ್ದಿರಿ, ಕಂಪನಿಗೆ ದೂರು ಕೊಡುತ್ತೇನೆ ಎಂದೆ. ಆ ಹುಡುಗಿ "ಈಗ ಹೇಗಿದೀರ ಸರ್? ಜೊತೆಗೆ ಯಾರಾದ್ರೂ ಇದಾರಾ?" ಎಂದಷ್ಟೇ ಕೇಳಿದಳು.

ಸಂಜೆ ದೂರು ಬರೆಯಲು, ಅವಳ ಮಾತು ಅಕ್ಷರಶಃ ಇರಲಿ ಎಂದು ಹಳೆಯ ಮೆಸೇಜು ಹುಡುಕಿದೆ. ನಾಲ್ಕು ದಿನ ಹಿಂದಿನದು ಸಿಕ್ಕಿತು: "ಮೀಟರ್ ಕೆಲಸ ಮಾಡದಿದ್ದರೆ ಕಾಯಬೇಡಿ ಸರ್. ರೀಡಿಂಗ್ ಬಿಡಿ, ಮೊದಲು ತಿಂಡಿ ತಿನ್ನಿ. ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಇರಬಾರದು." ಅದರ ಕೆಳಗೆ, ಸರಿ ಎಂದು ನಾನೇ ಒತ್ತಿದ ಹೆಬ್ಬೆರಳಿನ ಚಿತ್ರ.

ತಿನ್ನಬೇಡಿ ಎಂದು ಅವಳು ಎಲ್ಲೂ ಬರೆದಿರಲಿಲ್ಲ. ಹಾಗೆ ಹೇಳಿದ್ದು ಅವಳ ದನಿಯಲ್ಲೇ ನನ್ನ ಕಿವಿಯಲ್ಲಿತ್ತು. ಈಗಲೂ ಇದೆ.

ಮರುದಿನ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್. ಡಾಕ್ಟರ್ ಹತ್ರ ಮಾತ್ರೆ ವಿಷಯ ಮಾತಾಡಿ. ಆಮೇಲೆ, ಇವತ್ತು ತಿಂಡಿ ಆಯ್ತಾ?" ಎಂದಳು. ಆ ಪ್ರಶ್ನೆಗೂ ನನಗೆ ರೇಗಿತು.

ಈಗಲೂ ಮಂಡಿಗೆ ಹೋಗುವಾಗ ಲಕ್ಷ್ಮಿ ಅಕ್ಕ ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿರುತ್ತಾಳೆ. ತಿರುವುಗಳಲ್ಲಿ ಅವಳ ಕಡೆ ಕಣ್ಣು ಹೋಗುತ್ತದೆ. ಅವತ್ತು ಅವಳು ಹತ್ತಿ ಕುಳಿತಿದ್ದರೆ ನಾನು ಖಂಡಿತ ಗಾಡಿ ಹೊರಡಿಸುತ್ತಿದ್ದೆ, ನನಗೇನೂ ಆಗಿಲ್ಲ ಎಂಬ ಪೂರ್ತಿ ನಂಬಿಕೆಯಿಂದ.