ಪ್ರದಕ್ಷಿಣೆ ಹಾಕಿದ ಕಡಲು

ಬೆಳಿಗ್ಗೆ ಆರೂವರೆ. ಮಂಡ್ಯದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಚಿಕ್ಕಬೋರಮ್ಮ ಮೂರಡಿ ಅಗಲದ ತೊಟ್ಟಿಗೆ ನೀರು ತುಂಬುತ್ತಿದ್ದಾರೆ. ತೊಟ್ಟಿ ಕೂತಿರುವುದು ಮೋಟಾರಿನಿಂದ ಸುತ್ತುವ ಮೇಜಿನ ಮೇಲೆ. ನಿಮಿಷಕ್ಕೆ ಹತ್ತು ಸುತ್ತು. ನೀರೆಲ್ಲ ಮೇಜಿನ ಜೊತೆ ಒಂದೇ ಸಮ ಸುತ್ತುವುದಕ್ಕೆ ಅರ್ಧ ಗಂಟೆ ಬೇಕು. ಅದಕ್ಕೇ ಇವರು ಹನಕೆರೆಯಿಂದ ಮೊದಲ ಬಸ್ಸು ಹಿಡಿಯುತ್ತಾರೆ. "ಆತ್ರ ಬಿದ್ರೆ ನೀರು ಮಾತ್ ಕೇಳಾಕಿಲ್ಲ ಕಣಮ್ಮ," ಎನ್ನುತ್ತಾರೆ, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ.

ಹತ್ತೊಂಬತ್ತು ವರ್ಷದಿಂದ ಇಲ್ಲಿ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದವರು ನೋಡಿ ನೋಡಿಯೇ ರಿಪೇರಿ ಕಲಿತರು. ಕಾಲೇಜಿನ ಒಂದು ಫೋಟೋದಲ್ಲೂ ಇವರಿಲ್ಲ. ಗುಜರಿ ಕೋಣೆಯಲ್ಲಿ ಬಿದ್ದಿದ್ದ ಈ ಮೇಜಿನ ಮೋಟಾರು ಬಿಚ್ಚಿ, ಎಣ್ಣೆ ಹಾಕಿ, ಹೋದ ತಿಂಗಳು ಎಬ್ಬಿಸಿದ್ದು ಇವರೇ. ಕಡಲಿನ ಪ್ರವಾಹ ನೆಟ್ಟಗೆ ಹೋಗದೆ ಬಾಗುವುದನ್ನು ತೋರಿಸುವ ಮೇಜಿದು. ಭೂಮಿ ಸುತ್ತುವುದರಿಂದ ನಮ್ಮ ಉತ್ತರಾರ್ಧ ಗೋಳದಲ್ಲಿ ಹರಿಯುವ ನೀರು ಬಲಕ್ಕೆ ವಾಲುತ್ತದಂತೆ. ನನ್ನ ತಲೆ ಗಿರ್ರೆಂದಿದ್ದು ಇಲ್ಲೇ.

ಆದರೆ ಇವರ ತೊಟ್ಟಿಯಲ್ಲಿ ಬಿಟ್ಟ ಶಾಯಿ ಮೂರು ದಿನದಿಂದ ಎಡಕ್ಕೇ ಬಾಗುತ್ತಿದೆ. ಮೇಜಿನ ಜೊತೆಗೇ ಸುತ್ತುವಂತೆ ಕಟ್ಟಿದ ಮೊಬೈಲಿನ ವಿಡಿಯೋದಲ್ಲಿ ನಾನೂ ನೋಡಿದೆ. ಪಾಠ ಮಾಡುವ ಚೂಡಾಮಣಿ ಮೇಡಂ ಮೇಜಿನ ಮಟ್ಟ ನೋಡಿದ್ದಾರೆ, ಶಾಯಿ ಬದಲಿಸಿದ್ದಾರೆ, ಕೊನೆಗೆ ಪುಸ್ತಕವನ್ನೇ ಅನುಮಾನಿಸಿದ್ದಾರೆ. ಇವತ್ತೂ ತಪ್ಪಾದರೆ ಮೇಜು ವಾಪಸ್ ಗುಜರಿಗೆ, ಇದು ಪ್ರಾಂಶುಪಾಲರ ಅಪ್ಪಣೆ. "ಮಕ್ಳು ಸುತ್ತ ನಿಂತ್ಕಂಡು ನೋಡ್ಲಿ ಅಂತ ಎಬ್ಸಿದ್ದು," ಎನ್ನುವ ಚಿಕ್ಕಬೋರಮ್ಮನ ದನಿ ಉಡುಗಿದೆ.

ಏಳಕ್ಕೆ ಬಂದ ಮೇಡಂ ಮೇಜನ್ನು ದಿಟ್ಟಿಸಿ ಕೇಳುತ್ತಾರೆ, "ಮೋಟಾರಿಗೆ ವೈರ್ ಹೇಗೆ ಕೊಟ್ರಿ?"

"ಮೊದ್ಲು ಎಡಕ್ಕೆ ಸುತ್ತತಿತ್ತು ಮೇಡಮ್ಮೋರೆ. ಯಾರಾದ್ರೂ ಅಪ್ರದಕ್ಸಿಣೆ ಆಕ್ತಾರಾ? ವೈರ್ ಅದ್ಲುಬದ್ಲು ಮಾಡಿ ಪ್ರದಕ್ಸಿಣೆಗೆ ತಿರುಗಿಸ್ದೆ."

ಮೇಡಂ ಹಣೆ ಚಚ್ಚಿಕೊಳ್ಳುತ್ತಾರೆ. ಉತ್ತರ ಧ್ರುವದ ಮೇಲಿಂದ ನೋಡಿದರೆ ಭೂಮಿ ಸುತ್ತುವುದೇ ಅಪ್ರದಕ್ಷಿಣೆ!

"ಬೂಮ್ತಾಯಿನೇ ಅಂಗ್ ಸುತ್ತಾಳಾ? ಬುಡಿ ಮೇಡಮ್ಮೋರೆ."

ನಂಬಿಕೆ ಬರದಿದ್ದರೂ ಚಿಕ್ಕಬೋರಮ್ಮ ವೈರು ಬದಲಿಸುತ್ತಾರೆ. ನೀರು ಮೇಜಿನ ಜೊತೆ ಸುತ್ತಲು ಮತ್ತೆ ಅರ್ಧ ಗಂಟೆ ಕಾಯುತ್ತೇವೆ. ಶಾಯಿ ಬಿಟ್ಟರೆ, ಬಲಕ್ಕೆ! ಮೇಜು ಉಳಿಯಿತು. ನನಗೆ ಅವರಿಗಿಂತ ಹೆಚ್ಚು ಖುಷಿ, ಅರ್ಥವಾಗಿದ್ದು ಮಾತ್ರ ಅರ್ಧ.

ಚಿಕ್ಕಬೋರಮ್ಮನ ಹುಬ್ಬು ಇನ್ನೂ ಗಂಟಿಕ್ಕಿದೆ. "ಅಂಗಾರೆ ಮೂರ್ ದಿಸ ನಾನ್ ತಿರುಗಿಸಿದ್ದು ಯಾವ್ ಸಮುದ್ರ?"

"ದಕ್ಷಿಣಾರ್ಧ ಗೋಳದ್ದು. ಆ ಕಡೆಯಿಂದ ನೋಡಿದ್ರೆ ಭೂಮಿ ಸುತ್ತೋದು ಪ್ರದಕ್ಷಿಣೆ, ನೀರು ಎಡಕ್ಕೇ ಬಾಗೋದು," ಎನ್ನುತ್ತಾರೆ ಮೇಡಂ.

ಚಿಕ್ಕಬೋರಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ. "ಬರ್ಕಳಮ್ಮ. ನಾನ್ ತಪ್ ಮಾಡಿರ್ನಿಲ್ಲ. ಅರ್ಧ ಬೂಮಿಗೆ ಸರಿಯಾಗೇ ಇತ್ತು."