ಪದ್ಯ ನಿಲ್ಲಿಸಿದ ಮೇಷ್ಟ್ರು

ಮೊನ್ನೆ ಮೊಮ್ಮಗಳ ಅಂಚೆಚೀಟಿ ಪುಸ್ತಕ ತಿರುವುತ್ತಿದ್ದಾಗ ಯುಗೊಸ್ಲಾವಿಯದ ಒಂದು ಹಳೆಯ ಚೀಟಿ ಕಣ್ಣಿಗೆ ಬಿತ್ತು. ಅದರಲ್ಲಿ ದಪ್ಪ ಮೀಸೆಯ ಯಾರೋ ಒಬ್ಬರು. ಅಂಥದ್ದೇ ಚೀಟಿಯನ್ನು ನಮ್ಮ ಚರಿತ್ರೆಯ ಮೇಷ್ಟ್ರು ಸಾಗರದ ಹೈಸ್ಕೂಲಿನಲ್ಲಿ ತೋರಿಸಿದ್ದರು. ಆ ದೇಶದಲ್ಲಿ ಅವರಿಗೊಬ್ಬ ಪತ್ರಮಿತ್ರನಿದ್ದ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದೆ. ಚೀಟಿಯಲ್ಲಿದ್ದಾತ ಆ ದೇಶದ ಭಾಗವಾದ ಕ್ರೊಯೇಶಿಯಾದ, ಹಿಂದಿನ ಶತಮಾನದ ಕವಿ ಎಂದರು ಮೇಷ್ಟ್ರು. ಪರಭಾಷೆಯ ಚಕ್ರವರ್ತಿಯ ಆಳ್ವಿಕೆಯಲ್ಲಿ ತನ್ನ ಜನರ ಮಾತಿನಲ್ಲಿ ದೊಡ್ಡ ಕಾವ್ಯ ಬರೆದನಂತೆ. ಆಮೇಲೆ ಅದೇ ಚಕ್ರವರ್ತಿಯ ಕೈಕೆಳಗೆ ಅಧಿಕಾರ ಒಪ್ಪಿಕೊಂಡು ನಾಡನ್ನು ನಡೆಸಿದ. ಶಾಲೆಗಳನ್ನು, ನ್ಯಾಯಾಲಯಗಳನ್ನು ಸುಧಾರಿಸಿದ. ಪದ್ಯ ಮಾತ್ರ ನಿಂತುಹೋಯಿತು.

"ಕುರ್ಚಿ ಹತ್ತಿದ್ದಕ್ಕೆ ಪದ್ಯ ನಿಂತ್ಹೋಯ್ತಾ, ಪದ್ಯ ಮುಗಿದಿದ್ದಕ್ಕೆ ಕುರ್ಚಿ ಹತ್ತಿದ್ನಾ?" ಎಂದು ಕೇಳಿದರು. ಅವರಿಗೂ ತಿಳಿದಂತಿರಲಿಲ್ಲ...

ಮೇಷ್ಟ್ರೂ ಪದ್ಯ ಬರೆಯುತ್ತಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಬ್ಯಾಕೋಡಿನ ಕಡೆಯ ನಮ್ಮ ಊರು ಮುಳುಗುವುದಿತ್ತು. ಅದರ ಮೇಲೆ ಅವರು ಕಟ್ಟಿದ ಪದ್ಯವನ್ನು ಓದು ಬಾರದ ನನ್ನ ಅಪ್ಪ ಗದ್ದೆಯಲ್ಲಿ ಹಾಡಿಕೊಳ್ಳುತ್ತಿದ್ದ. ಊರು ಬಿಡಬೇಕೆಂಬ ನೋಟೀಸನ್ನು ಅಧಿಕಾರಿಯೊಬ್ಬ ಊರವರ ಮುಂದೆ ಇಂಗ್ಲಿಷಿನಲ್ಲಿ ಓದಿದಾಗ, "ಕನ್ನಡದಲ್ಲಿ ಓದಿ ಸ್ವಾಮಿ, ಮುಳುಗೋರು ಇವ್ರು" ಎಂದು ಎದ್ದು ನಿಂತವರೂ ಮೇಷ್ಟ್ರೇ.

ಕೆಲವೇ ತಿಂಗಳಲ್ಲಿ ಸರ್ಕಾರ ಅವರನ್ನು ಪುನರ್ವಸತಿ ಸಮಿತಿಗೆ ಕರೆಯಿತು. ಅವರು ಹೋದರು. ರಜೆಯಲ್ಲಿ ನಾನು ಊರಿನಲ್ಲಿದ್ದಾಗ ಒಂದು ಬೆಳಿಗ್ಗೆ ಜೀಪಿನಿಂದಿಳಿದು ನಮ್ಮ ಅಂಗಳಕ್ಕೆ ಬಂದರು.

"ಪದ್ಯ ಬರಿಯೋ ಕೈಲಿ ನೋಟೀಸು ಹಿಡ್ಕಂಡು ಬಂದ್ರಾ ಮೇಷ್ಟ್ರೇ?" ಎಂದ ಅಪ್ಪ.

"ಮಳೆ ಹಿಡಿಯೋದ್ರೊಳಗೆ ಹೊರಡ್ಬೇಕು. ಇನ್ನೊಂದು ಕಾಗದ ಐತೆ, ಇದಕ್ಕೂ ಹೆಬ್ಬೆಟ್ಟು ಒತ್ತಿ."

"ಇದ್ಯಾಕೆ?"

"ಆಗೋದು ಬಿಡೋದು ಗೊತ್ತಿಲ್ಲ. ಒತ್ತಿ."

ಅಪ್ಪ ಒತ್ತಿದ. ಕುಡಿಯಲು ನೀರು ಬೇಕಾ ಎಂದೂ ಕೇಳಲಿಲ್ಲ. ನಾನು ಕಂಬದ ಹಿಂದೆ ಸರಿದು ನಿಂತೆ.

ನಮಗೆ ಹೊಸನಗರದ ಕಡೆ ಗದ್ದೆ ಸಿಕ್ಕಿತು, ಅಲ್ಲಿಗೆ ಹೋದೆವು. ಎಷ್ಟೋ ವರ್ಷದ ಮೇಲೆ ಪುನರ್ವಸತಿ ಕಚೇರಿಯ ನಿವೃತ್ತ ಗುಮಾಸ್ತರೊಬ್ಬರು ವಿಷಯ ತಿಳಿಸಿದರು. ಬದಲಿ ಜಮೀನು ಸಿಗುವುದು ಒಡೆಯರಿಗಷ್ಟೇ ಎಂದಿತ್ತಂತೆ; ನಾವು ಗೇಣಿಯವರು, ನಮ್ಮ ಹೆಸರಿನಲ್ಲಿ ಚೂರು ಕಾಗದವೂ ಇರಲಿಲ್ಲ. ಮೇಷ್ಟ್ರು ಆ ಹೆಬ್ಬೆಟ್ಟಿನ ಕಾಗದಗಳನ್ನು ಹಿಡಿದು ಕಚೇರಿಯಲ್ಲಿ ದಿನಗಟ್ಟಲೆ ಕೂತು, ಜಮೀನಿನ ಪಟ್ಟಿಗೆ ನಮ್ಮಂಥವರ ಹೆಸರು ಸೇರಿಸಿದ್ದರು.

ಅಪ್ಪನಿಗೆ ಹೇಳಿದೆ. "ಹಂಗಾರೆ ಅವತ್ತೇ ಹೇಳ್ಬೌದಿತ್ತಲ್ಲ" ಎಂದ.

ನಾನು ತೀರ್ಥಹಳ್ಳಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು.

"ಸಮಿತಿಗೆ ಹೋದ್ಮೇಲೆ ಒಂದು ಸಾಲೂ ಬರೀಲಿಲ್ಲ ಕಣಮ್ಮ," ಎಂದರು ಅವರ ಹೆಂಡತಿ. "ಯಾಕೆ ಅಂದ್ರೆ ನಕ್ಕು ಎದ್ದು ಹೋಗ್ತಿದ್ರು."

ಅಪ್ಪನೂ ಹೋಗಿ ಬಹಳ ಕಾಲವಾಯಿತು. ಹೊಸನಗರದ ಗದ್ದೆಯನ್ನು ತಮ್ಮ ಮಾಡುತ್ತಾನೆ, ಪ್ರತಿ ವರ್ಷ ನನಗೆ ಹೊಸ ಅಕ್ಕಿ ಕಳಿಸುತ್ತಾನೆ. ಉಣ್ಣುವಾಗ ಒಮ್ಮೊಮ್ಮೆ ಮೇಷ್ಟ್ರ ಮೇಲೆ ಸಿಟ್ಟು ಬರುತ್ತದೆ, ಪದ್ಯ ಬಿಟ್ಟದ್ದಕ್ಕೋ, ಅಪ್ಪನಿಗೆ ಅವತ್ತೇ ಹೇಳದೆ ಹೋದದ್ದಕ್ಕೋ ನನಗೇ ತಿಳಿಯುವುದಿಲ್ಲ... ಎದುರು ನಿಂತು ಜಗಳವಾಡೋಣವೆಂದರೆ ಅವರಿಲ್ಲ.