ಟಾಪ್ ಎಂಡಿಗಿಂತ ಒಂದು ಕೆಳಗಿನದು

ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಯ ಎದುರಿಗೇ ಇರುವುದು ಡುಲ್ಸಿನ್ ಬಾಯಿಯ ಮನೆ. ಅವರು ಕಾರು ಓಡಿಸಲು ಕಲಿತದ್ದು ಐವತ್ತೈದು ದಾಟಿದ ಮೇಲೆ. ಅದಕ್ಕೆ ಮೊದಲು ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಕುವೈತಿನಲ್ಲಿ ನರ್ಸ್ ಆಗಿದ್ದಷ್ಟು ಕಾಲ ಆಸ್ಪತ್ರೆಯ ಬಸ್ಸು ಕ್ವಾರ್ಟರ್ಸಿನ ಬಾಗಿಲಿಗೆ ಬರುತ್ತಿತ್ತು. ಊರಿಗೆ ಮರಳಿ ಅತ್ತಾವರದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಸೇರಿದ ಮೇಲೆ ಗಂಡ ಕಜೆಟನ್ ಇದ್ದರು, ಅವರ ಹಳೆಯ ಬಿಳಿ ಕಾರಿತ್ತು. ಬೆಳಿಗ್ಗೆ ಬಿಟ್ಟು ಬರುವುದು, ಡ್ಯೂಟಿ ಮುಗಿದಾಗ ಕರೆದುಕೊಂಡು ಬರುವುದು ಅವರ ಕೆಲಸ.

ಕಜೆಟನ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ‘ಸರ್’. ಡ್ರೈವಿಂಗ್ ವಿಷಯದಲ್ಲಿ ಅವರಿಗೆ ಸ್ವಲ್ಪ ಹೆಮ್ಮೆ ಇತ್ತು. ಗೇರು ಬದಲಾಯಿಸಿದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತಾಗಬಾರದು ಎನ್ನುತ್ತಿದ್ದರು, ಗೊತ್ತಾಗುತ್ತಲೂ ಇರಲಿಲ್ಲ. ಅಂಥವರು ಒಂದು ದಿನ ತಮ್ಮದೇ ಗೇಟಿನ ಕಂಬಕ್ಕೆ ಕಾರು ಉಜ್ಜಿದರು. ಕೆಲವು ವಾರ ಕಳೆದು ಮಾರ್ಕೆಟಿನ ಎದುರು ಮಲ್ಲಿಗೆ ಮಾರುವ ಹೆಂಗಸಿನ ಸ್ಟೂಲಿಗೆ ತಾಗಿಸಿ ಬುಟ್ಟಿಯನ್ನೆಲ್ಲ ರಸ್ತೆಗೆ ಚೆಲ್ಲಿಸಿದರು. ಯಾರಿಗೂ ಏಟಾಗಲಿಲ್ಲ. ಆದರೆ ಸ್ಟೂಲು ಕಾಣಲಿಲ್ಲವೆಂದು ಅವರು ಹೇಳಿದಾಗ ಡುಲ್ಸಿನ್ ಬಾಯಿ ಅವರನ್ನು ನೇರ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರು. ಗ್ಲಾಕೋಮಾ. ಬದಿಯ ದೃಷ್ಟಿ ಕುಗ್ಗುತ್ತಾ ಬಂದಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಕಣ್ಣಿಗೆ ಔಷಧ ಬಿಡಬೇಕು, ಇನ್ನು ಕಾರು ಓಡಿಸುವುದು ಬೇಡ ಎಂದರು ಡಾಕ್ಟರರು. ಆ ವಾರವೇ ಕಜೆಟನ್ ಕಾರನ್ನು ಮಾರಿದರು. ಮುಂದಿನ ಚೆಕಪ್‌ಗಳಿಗೆ ಒಬ್ಬರೇ ಆಟೋದಲ್ಲಿ ಹೋಗಿಬರುತ್ತಿದ್ದರು. ಕೇಳಿದವರಿಗೆಲ್ಲ, ಸ್ವಲ್ಪ ಕಡಿಮೆಯಾಗಿದೆ, ದೊಡ್ಡದೇನಲ್ಲ ಎನ್ನುತ್ತಿದ್ದರು. ಹೆಂಡತಿಗೆ ಹೇಳಿದ್ದೂ ಅಷ್ಟೇ.

ಡುಲ್ಸಿನ್ ಬಾಯಿ ಮಳೆಗಾಲವಿಡೀ ಸಿಟಿ ಬಸ್ಸಿನಲ್ಲಿ ಓಡಾಡಿದರು. ಮಳೆ ಬಿಟ್ಟ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ತಮ್ಮ ಮಗನಿಗಿಂತ ಚಿಕ್ಕ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಲೈಸನ್ಸ್ ಪರೀಕ್ಷೆ ಕೊಟ್ಟರು. ಮೊದಲ ಸಲ ಫೇಲಾದರು, ಎರಡನೇ ಸಲ ಪಾಸಾದರು. ಅದರ ನಂತರ ಗಾಡಿಯ ಮಾತು ಬಂತು. ಕಜೆಟನ್‌ಗೆ ಮೊಣಕಾಲು ನೋವು, ತಗ್ಗಿನ ಸೀಟಿನಿಂದ ಏಳಲು ಕಷ್ಟ. ಸ್ವಲ್ಪ ಎತ್ತರದ್ದು ಬೇಕು, ಆದರೆ ನಮ್ಮ ಓಣಿಯಲ್ಲಿ ತಿರುಗಬೇಕು. ಹಾಗಾಗಿ ಚಿಕ್ಕ ಎಸ್‌ಯುವಿ, ಅದೂ ಆಟೋಮ್ಯಾಟಿಕ್ ಎಂದು ತೀರ್ಮಾನವಾಯಿತು. ಯಾವ ಕಂಪನಿ ಎಂಬುದರಲ್ಲಿ ಜಗಳ ಬರಲಿಲ್ಲ. ಜಗಳ ಬಂದದ್ದು ಅದೇ ಗಾಡಿಯ ಮೇಲ್ದರ್ಜೆಯ ಎರಡು ವೇರಿಯೆಂಟ್‌ಗಳಲ್ಲಿ ಯಾವುದು, ಎಲ್ಲ ಸೌಕರ್ಯವಿರುವ ಟಾಪ್ ಎಂಡೋ ಅದಕ್ಕಿಂತ ಒಂದು ಕೆಳಗಿನದೋ ಎಂಬುದಕ್ಕೆ.

ಶೋರೂಮು ಪಡೀಲಿನ ಹೆದ್ದಾರಿಯ ಬದಿಯಲ್ಲಿತ್ತು. ಅಲ್ಲಿ ಇವರಿಗೆ ಗಾಡಿ ತೋರಿಸಿದವಳು ರಿಝ್ವಾನಾ. ಹೆಸರು ಹೇಳುವ ಮೊದಲೇ ಅವಳು ಕಜೆಟನ್‌ರ ಗುರುತು ಹಿಡಿದಳು. ಎಂಟರಿಂದ ಹತ್ತರವರೆಗೆ ಅವರ ಕ್ಲಾಸಿನಲ್ಲಿ ಕೂತಿದ್ದವಳು. ಎರಡೂ ವೇರಿಯೆಂಟನ್ನು ಅಕ್ಕಪಕ್ಕ ನಿಲ್ಲಿಸಿ ನಿಧಾನವಾಗಿ ವಿವರಿಸಿದಳು. ಇಂಜಿನು ಎರಡರಲ್ಲೂ ಒಂದೇ, ಏರ್‌ಬ್ಯಾಗುಗಳೂ ಅಷ್ಟೇ, ಹಿಂದಿನ ಕ್ಯಾಮರಾ ಎರಡರಲ್ಲೂ ಉಂಟು. ಟಾಪ್ ಎಂಡಿನಲ್ಲಿ ಹೆಚ್ಚಿಗೆ ಇರುವುದು ಸನ್‌ರೂಫು, ತಂಪು ಗಾಳಿ ಬರುವ ಸೀಟು, ಗಾಡಿಯ ಸುತ್ತ ನಾಲ್ಕೂ ಕಡೆ ತೋರಿಸುವ ಕ್ಯಾಮರಾ, ಆಮೇಲೆ ಡ್ರೈವರನಿಗೆ ಸಹಾಯ ಮಾಡುವ ಒಂದು ವ್ಯವಸ್ಥೆ. ಮುಂದೆ ಏನಾದರೂ ಅಡ್ಡ ಬಂದರೆ ಅದು ಎಚ್ಚರಿಸುತ್ತದೆ, ಬೇಕಾದರೆ ಬ್ರೇಕೂ ಹಾಕುತ್ತದೆ. ರಸ್ತೆಯ ಬಿಳಿ ಗೆರೆ ದಾಟಿದರೆ ಸ್ಟೇರಿಂಗನ್ನು ಹಿಂದಕ್ಕೆ ಎಳೆಯುತ್ತದೆ. ಬದಿಯಲ್ಲಿ ಬರುವ ವಾಹನವನ್ನು ಪರದೆಯ ಮೇಲೆ ತೋರಿಸುತ್ತದೆ.

ಹಣದ ತೊಂದರೆ ಇರಲಿಲ್ಲ. ದೋಹಾದಲ್ಲಿರುವ ಮಗ ರಾಯ್‌ಸ್ಟನ್ ಹೆಚ್ಚಿಗೆ ಬೀಳುವ ಹಣವನ್ನು ತಾನು ಕಳಿಸುತ್ತೇನೆ, ತೆಗೆದುಕೊಳ್ಳುವುದಾದರೆ ಟಾಪ್ ಎಂಡೇ ತೆಗೆದುಕೊಳ್ಳಿ, ಮಾರುವಾಗಲೂ ಬೆಲೆ ಬರುತ್ತದೆ ಎಂದಿದ್ದ. ಕಜೆಟನ್ ಅಂತೂ ಮನೆಯಲ್ಲಿ ಹಗಲಿಡೀ ಯೂಟ್ಯೂಬಿನಲ್ಲಿ ಇದೇ ಗಾಡಿಯ ರಿವ್ಯೂಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಅಂದು ಟೆಸ್ಟ್ ಡ್ರೈವಿಗೆ ಕೊಟ್ಟದ್ದು ಟಾಪ್ ಎಂಡ್. ಡುಲ್ಸಿನ್ ಬಾಯಿ ಅಡ್ಯಾರ್ ಕಡೆಗೆ ಹೊರಟರು. ಹೆದ್ದಾರಿಯಲ್ಲಿ ಒಂದು ಬಸ್ಸು ಮುಂದೆ ನುಗ್ಗಿತು, ಗಾಡಿ ಬೀಪ್ ಎಂದಿತು. ಸ್ಕೂಟರು ಬದಿಗೆ ಬಂತು, ಮತ್ತೆ ಬೀಪ್. ಹೊಂಡ ತಪ್ಪಿಸಲು ಗೆರೆಯ ಮೇಲೆ ಸರಿದಾಗ ಸ್ಟೇರಿಂಗು ಕೈಯಲ್ಲೇ ನಡುಗಿ ಇನ್ನೊಂದು ಕಡೆಗೆ ಎಳೆಯಿತು. ಪಕ್ಕದಲ್ಲಿ ಕೂತ ಕಜೆಟನ್ ಬೇರೆ ನಡುನಡುವೆ ನಿಧಾನ, ನಿಧಾನ ಎನ್ನುತ್ತಿದ್ದರು. ಶೋರೂಮಿಗೆ ಮರಳಿದ ಕೂಡಲೇ ಡುಲ್ಸಿನ್ ಬಾಯಿ ಕೀಯನ್ನು ರಿಝ್ವಾನಾಳ ಕೈಗೆ ಕೊಟ್ಟರು.

ಸುತ್ತ ತೋರಿಸುವ ಕ್ಯಾಮರಾ ಅವರಿಗೆ ನಿಜಕ್ಕೂ ಇಷ್ಟವಾಗಿತ್ತು. ನಮ್ಮ ಓಣಿಯ ತಿರುವಿಗೆ ಅದು ಬೇಕಿತ್ತು. ಉಳಿದದ್ದು ತಮಗೆ ಆಗುವುದಿಲ್ಲ ಎಂದರು.

“ನಮ್ಮ ವಾರ್ಡಿನಲ್ಲಿ ಇಡೀ ದಿನ ಮೆಷಿನ್‌ಗಳು ಕೂಗ್ತಾ ಇರ್ತವೆ,” ಎಂದು ರಿಝ್ವಾನಾಳಿಗೆ ಹೇಳಿದರು. “ಯಾವುದಕ್ಕೆ ಓಡ್ಬೇಕು, ಯಾವುದಕ್ಕೆ ಬೇಡ ಅಂತ ಗೊತ್ತಾಗ್ಲಿಕ್ಕೆ ನನಗೆ ವರ್ಷಗಳು ಬೇಕಾಯ್ತು. ಈ ವಯಸ್ಸಿನಲ್ಲಿ ಪುನಃ ಅದನ್ನೇ ಕಲಿಯುವುದು ಬೇಡ ಮಾರಾಯ್ತಿ.”

ಬೇಡದ್ದನ್ನು ಆಫ್ ಮಾಡಿ ಇಡಬಹುದು ಎಂದಳು ರಿಝ್ವಾನಾ. ಆಫ್ ಮಾಡಿ ಇಡುವುದಕ್ಕೆ ಹಣ ಯಾಕೆ ಕೊಡಬೇಕು, ಎಲ್ಲ ಆನ್ ಇರಲೇಬೇಕು ಎಂದು ಕಜೆಟನ್ ತಡೆದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಶೋರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿನಲ್ಲಿ ಮಾತಾಡುವ ಸ್ವರದಲ್ಲಿ ಅವರೆಂದರು: “ಇವಳು ಹೊಸ ಡ್ರೈವರ್. ಇವಳಿಗೆ ಗೊತ್ತಾಗದಿದ್ದರೂ ಗಾಡಿಗೆ ಗೊತ್ತಾಗ್ಬೇಕು. ನಮಗೆ ಟಾಪ್ ಎಂಡೇ ಸರಿ.”

ಡುಲ್ಸಿನ್ ಬಾಯಿ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟರು. ಬುಕಿಂಗ್ ಮಾಡದೆ ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು. ಆ ಮಾತು ತನಗೆ ಎಷ್ಟು ಚುಚ್ಚಿತೆಂದು ಅವರು ನನ್ನಲ್ಲಿ ಹೇಳಿಕೊಂಡದ್ದು ಬಹಳ ಕಾಲದ ಮೇಲೆ. ಮುಂದಿನ ದಿನಗಳಲ್ಲಿ ಅವರ ಮನೆಯಲ್ಲಿ ಗಾಡಿಯ ಮಾತು ಊಟದ ಹೊತ್ತಿಗೆ ಶುರುವಾಗಿ ತಟ್ಟೆ ಎತ್ತುವಾಗ ನಿಂತುಹೋಗುತ್ತಿತ್ತು. ತಾನು ಓಡಿಸುವ ಗಾಡಿಯನ್ನು ತಾನು ಆರಿಸುತ್ತೇನೆ ಎಂಬುದು ಅವರ ವಾದ. ಸುರಕ್ಷತೆಯ ವಿಷಯದಲ್ಲಿ ಹಟ ಮಾಡಬಾರದು ಎಂಬುದು ಕಜೆಟನ್‌ರ ವಾದ. ಸುರಕ್ಷತೆ ಎಂದ ಮೇಲೆ ಎದುರಾಡುವುದು ಕಷ್ಟ. ಒಂದೆರಡು ಸಲ ಡುಲ್ಸಿನ್ ಬಾಯಿಗೂ ತಾನೇ ತಪ್ಪೇನೋ ಅನಿಸಿತ್ತು.

ಕೆಳಗಿನ ವೇರಿಯೆಂಟಿನ ಗಾಡಿ ಟೆಸ್ಟ್ ಡ್ರೈವಿಗೆ ಸಿಗುತ್ತದೆ, ಅದನ್ನೂ ಒಮ್ಮೆ ಓಡಿಸಿ ನೋಡಿ ಎಂದು ರಿಝ್ವಾನಾ ಫೋನು ಮಾಡಿದಳು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಹೋದರು. ಈ ಸಲ ರಿಝ್ವಾನಾ ಹಿಂದಿನ ಸೀಟಿನಲ್ಲಿ, ಕಜೆಟನ್ ಮುಂದೆ. ಅದೇ ರಸ್ತೆ, ಅದೇ ಬಸ್ಸುಗಳು. ಆದರೆ ಗಾಡಿ ಸುಮ್ಮನಿತ್ತು. ಡುಲ್ಸಿನ್ ಬಾಯಿಗೆ ಸ್ವಲ್ಪ ಧೈರ್ಯ ಬಂತು. ಅಡ್ಯಾರಿಗೆ ಮೊದಲು ಸಿಗುವ ಕಣ್ಣೂರು ದಾಟುವಲ್ಲಿ ಎಡಗಡೆಯ ಒಳರಸ್ತೆಯಿಂದ ಒಂದು ಸ್ಕೂಟರು ಹಿಂದೆಮುಂದೆ ನೋಡದೆ ಹೆದ್ದಾರಿಗೆ ಹಾರಿತು. ಅವರು ಅದನ್ನು ಮೊದಲೇ ಕಂಡು ಬ್ರೇಕು ಒತ್ತಿದ್ದರು. ಗಾಡಿ ನಿಂತಿತು, ಸ್ಕೂಟರಿನವನು ಬಾನೆಟ್ಟಿನ ಎದುರಿನಿಂದಲೇ ಹಾದು ಹೋದ.

“ಎಂತಕ್ಕೆ ಬ್ರೇಕ್ ಹಾಕಿದ್ದು?” ಎಂದು ಕೇಳಿದರು ಕಜೆಟನ್.

ಸ್ಕೂಟರು ಬಂದದ್ದು ಅವರು ಕೂತಿದ್ದ ಕಡೆಯಿಂದಲೇ. ಡುಲ್ಸಿನ್ ಬಾಯಿ ಗಂಡನ ಮುಖ ನೋಡಿದರು. ಅವರು ನೇರ ಮುಂದೆ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದರು.

ಸ್ವಲ್ಪ ಮುಂದೆ ಎಳನೀರಿನ ಬೊಂಡ ಮಾರುವವನ ಹತ್ತಿರ ಗಾಡಿಯನ್ನು ಬದಿಗೆ ಹಾಕಿದರು. ರಿಝ್ವಾನಾ ಏನನ್ನು ಊಹಿಸಿದಳೋ, ಬೊಂಡ ತರುತ್ತೇನೆಂದು ಇಳಿದು ಹೋದಳು. ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಡುಲ್ಸಿನ್ ಬಾಯಿ ಕೊಂಕಣಿಯಲ್ಲಿ, ನೇರ ತನ್ನ ಮೂಗನ್ನು ನೋಡಿ, ಬೆರಳು ಕಂಡಾಗ ಹೇಳಿ ಎಂದರು. ತೋರುಬೆರಳನ್ನು ಅವರ ಕಿವಿಯ ಬದಿಯಿಂದ ಮೆಲ್ಲನೆ ಮುಂದಕ್ಕೆ ತಂದರು. ಕಜೆಟನ್ ಸುಮ್ಮನಿದ್ದರು. ಬೆರಳು ಹುಬ್ಬಿನ ತುದಿ ದಾಟಿತು. ಇನ್ನೂ ಸುಮ್ಮನಿದ್ದರು. ಬಹುತೇಕ ಕಣ್ಣಿನ ಎದುರಿಗೇ ಬಂದ ಮೇಲೆ “ಈಗ” ಎಂದರು. ಇನ್ನೊಂದು ಬದಿಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

“ಇಷ್ಟು ಆಗಿದೆ ಅಂತ ನನಗೆ ಯಾಕೆ ಹೇಳ್ಲಿಲ್ಲ?”

“ನೀನು ನರ್ಸ್ ಅಲ್ವಾ,” ಎಂದರು ಕಜೆಟನ್. “ಹೇಳಿದ ದಿನದಿಂದ ನಾನು ಮನೆಯಲ್ಲಿ ಪೇಷಂಟ್ ಆಗ್ತೇನೆ.”

ಆಮೇಲೆ ಅವರಾಗಿಯೇ ಉಳಿದದ್ದನ್ನೂ ಹೇಳಿದರು. ಟಾಪ್ ಎಂಡಿನ ಆಸೆ ಹೆಂಡತಿಗಾಗಿ ಅಲ್ಲ. ಬದಿಯಲ್ಲಿ ಬರುವುದನ್ನು ಗಾಡಿಯೇ ತೋರಿಸುತ್ತದೆ, ಅಡ್ಡ ಬಂದರೆ ತಾನೇ ನಿಲ್ಲುತ್ತದೆ ಎಂದು ಕೇಳಿದಾಗಿನಿಂದ ಅವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು: ಬೆಳಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ಉರ್ವದಿಂದ ಅತ್ತಾವರದವರೆಗೆ ಮಾತ್ರ, ತಾನೇ ಗಾಡಿ ಓಡಿಸಿ ಹೆಂಡತಿಯನ್ನು ಡ್ಯೂಟಿಗೆ ಬಿಡಬಹುದು. ರಿಝ್ವಾನಾಳಿಗೆ ಗುಟ್ಟಾಗಿ ಫೋನು ಮಾಡಿ, ಕಣ್ಣು ಸ್ವಲ್ಪ ಮಂದ ಇರುವವರು ಇದನ್ನು ಓಡಿಸಬಹುದೋ ಎಂದು, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ್ದರು. ಅದು ಸಹಾಯಕ್ಕೆ ಮಾತ್ರ ಸರ್, ನೋಡುವ ಕೆಲಸ ಡ್ರೈವರನದ್ದೇ ಎಂದು ಅವಳು ಹೇಳಿದ್ದಳು. ಆದರೂ ಆಸೆ ಬಿಟ್ಟಿರಲಿಲ್ಲ.

ಡುಲ್ಸಿನ್ ಬಾಯಿಗೆ ಶೋರೂಮಿನಲ್ಲಿ ಆದ ಅವಮಾನದ ಸಿಟ್ಟು ಹೋಗಿರಲಿಲ್ಲ. ಅದನ್ನು ಅಲ್ಲೇ ಹೇಳಿದರು: ನಿಮ್ಮ ಆಸೆಗೆ ನನ್ನನ್ನು ಜನರ ಎದುರು ಏನೂ ಬಾರದವಳನ್ನಾಗಿ ಮಾಡಿದಿರಿ. ಕಜೆಟನ್ ಹೌದೆಂದು ಒಪ್ಪಿದರು. ತಪ್ಪಾಯಿತು ಎಂದೂ ಹೇಳಿದರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯನ ಬಾಯಲ್ಲಿ ಸುಲಭಕ್ಕೆ ಬರುವ ಮಾತಲ್ಲ ಅದು.

ಹಾಗಾದರೆ ಯಾವುದು ತೆಗೆದುಕೊಳ್ಳುವುದು ಎಂದು ಡುಲ್ಸಿನ್ ಬಾಯಿ ಕೇಳಿದರು. ಸುತ್ತಲಿನ ಕ್ಯಾಮರಾ ತನಗೂ ಉಪಯೋಗಕ್ಕೆ ಬರುತ್ತದೆ, ಬೀಪ್ ಬೀಪನ್ನು ಆಫ್ ಮಾಡಿಕೊಂಡರಾಯಿತು, ಟಾಪ್ ಎಂಡ್ ಎಂದರೆ ಈಗ ತನ್ನ ತಕರಾರಿಲ್ಲ ಎಂದರು.

“ಬೇಡ,” ಎಂದರು ಕಜೆಟನ್. “ಅದು ಮನೆಯ ಎದುರು ನಿಂತಿದ್ರೆ ಒಂದಲ್ಲ ಒಂದು ದಿನ ನಾನು ಕೀ ತೆಗೀತೇನೆ. ನೀನು ಗಾಡಿ ಬಿಟ್ಟು ಬಸ್ಸಿನಲ್ಲಿ ಎಲ್ಲಿಗಾದ್ರೂ ಹೋಗಿರ್ತೀ. ನನ್ನ ಗುಣ ನನಗೆ ಗೊತ್ತುಂಟು. ಇದೇ ಇರಲಿ.”

ರಿಝ್ವಾನಾ ಮೂರು ಬೊಂಡ ಹಿಡಿದುಕೊಂಡು ಬಂದಳು. ಮೂವರೂ ಗಾಡಿಗೆ ಒರಗಿ ನಿಂತು ಕುಡಿದರು. ಶೋರೂಮಿಗೆ ಹೋಗಿ ಕೆಳಗಿನ ವೇರಿಯೆಂಟನ್ನೇ ಬುಕ್ ಮಾಡಿದರು. ಬಣ್ಣ ಯಾವುದೆಂದು ಕೇಳಿದಾಗ ಕಜೆಟನ್ ಕೆಂಪು ಎಂದರು, ಡುಲ್ಸಿನ್ ಬಾಯಿ ಬೂದು ಎಂದರು. ಕೆಂಪಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಬಂದದ್ದು ಬೂದು.

ಆ ವಾರ ಡುಲ್ಸಿನ್ ಬಾಯಿ ರಜೆ ಹಾಕಿ ಕಣ್ಣಿನ ಡಾಕ್ಟರರಲ್ಲಿಗೆ ಗಂಡನ ಜೊತೆ ತಾವೇ ಹೋದರು. ಔಷಧ ಬದಲಾಯಿತು. ಕಜೆಟನ್ ಹೆದರಿದಂತೆ ಮನೆಯಲ್ಲಿ ಅವರು ಸ್ವಲ್ಪ ಮಟ್ಟಿಗೆ ಪೇಷಂಟ್ ಆದದ್ದೂ ನಿಜ. ಕಣ್ಣಿಗೆ ಔಷಧ ಬಿಟ್ಟಾಯಿತಾ ಎಂದು ಆಸ್ಪತ್ರೆಯಿಂದ ಹೆಂಡತಿಯ ಫೋನು ಬರುತ್ತಿತ್ತು. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿಸಲಾಯಿತು. ಅದಕ್ಕೆಲ್ಲ ಅವರು ಗೊಣಗುತ್ತಿದ್ದರು. ಆದರೆ ಅಡಗಿಸುವುದಕ್ಕೆ ಏನೂ ಉಳಿಯದ ಮೇಲೆ ಅವರ ನಡಿಗೆಯಲ್ಲಿ ಒಂದು ಸಲೀಸು ಬಂದಿತ್ತು. ರಸ್ತೆ ದಾಟುವಾಗ ನನ್ನನ್ನೇ ಕರೆದು ತೋಳು ಹಿಡಿದುಕೊಳ್ಳುತ್ತಿದ್ದರು. ಮುಂಚೆ ಹಾಗೆ ಮಾಡುತ್ತಿರಲಿಲ್ಲ.

ಗಾಡಿ ಬಂದ ಎರಡನೇ ವಾರವೇ ಡುಲ್ಸಿನ್ ಬಾಯಿ ಓಣಿಯ ತಿರುವಿನಲ್ಲಿ ಎಡಬಾಗಿಲನ್ನು ನಮ್ಮ ಕಂಪೌಂಡಿಗೆ ಉಜ್ಜಿದರು. ಉದ್ದಕ್ಕೆ ಗೀರು. ಕಜೆಟನ್ ಹೊರಗೆ ಬಂದು ಬೆರಳಿನಲ್ಲಿ ಸವರಿ ನೋಡಿ, ಟಾಪ್ ಎಂಡಾಗಿದ್ದರೆ ಇದು ಆಗುತ್ತಿರಲಿಲ್ಲ ಎಂದರು. ಆಗುತ್ತಿರಲಿಲ್ಲ ಎಂದು ಡುಲ್ಸಿನ್ ಬಾಯಿಯೂ ಒಪ್ಪಿದರು. ನಾನು ಗೋಡೆಗೆ ಸುಣ್ಣ ಹೊಡೆಸಿಕೊಂಡೆ.

ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆ ರಾಯ್‌ಸ್ಟನ್ ರಜೆಯಲ್ಲಿ ಬಂದ. ಬಜ್ಪೆ ವಿಮಾನ ನಿಲ್ದಾಣಕ್ಕೆ ಕರೆಯಲು ಹೋದದ್ದು ಅಪ್ಪ ಅಮ್ಮ ಇಬ್ಬರೇ. ಗುಡ್ಡದ ಆ ರಸ್ತೆಯಲ್ಲಿ ಡುಲ್ಸಿನ್ ಬಾಯಿ ಓಡಿಸಿದ್ದು ಅದೇ ಮೊದಲು. ಮಗ ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿಸಿ, ಗಾಡಿಯ ಸುತ್ತ ಒಂದು ಸುತ್ತು ಬಂದು, ಅಮ್ಮ ದಣಿದಿರಬಹುದೆಂದು ಕೀಗೆ ಕೈಚಾಚಿದ. ಅಮ್ಮನೂ ಕೊಡಲು ಹೊರಟಿದ್ದರು.

“ನೀನು ಹಿಂದೆ ಕೂತ್ಕೊ,” ಎಂದರು ಕಜೆಟನ್ ಮಗನಿಗೆ. “ಈ ಗಾಡಿ ಅಮ್ಮ ಓಡಿಸ್ತಾಳೆ.”

ರಾಯ್‌ಸ್ಟನ್ ಹಿಂದೆ ಕೂತ. ಮರವೂರು ಸೇತುವೆ ಬರುವವರೆಗೆ ದೋಹಾದ ಸುದ್ದಿ ಹೇಳುತ್ತಿದ್ದ. ಕಾವೂರು ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.